ಕ್ಯೂಬರ್ನೆಟೀಸ್‌ನಲ್ಲಿ ಮೈನ್‌ಕ್ರಾಫ್ಟ್: ಹೊಸ ಸರ್ವರ್ ಎದ್ದ ಕೂಡಲೇ ರೌಟರ್‌ಗೆ ತಾನಾಗಿ ಗೊತ್ತಾಗುವಂತೆ ಮಾಡುವುದು ಹೇಗೆ?

ಒಂದೇ ಮೈನ್‌ಕ್ರಾಫ್ಟ್ ಸರ್ವರ್ ನಡೆಸುವವರಿಗೆ ಈ ತಲೆನೋವು ಇಲ್ಲ. ಒಂದು ಐಪಿ ಅಡ್ರೆಸ್ ಅನ್ನು ಗೆಳೆಯರ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಕೆಲಸ ಮುಗಿಯಿತು. ಆಮೇಲೆ ಒಬ್ಬರಿಗೆ ಕ್ರಿಯೇಟಿವ್ ಬೇಕು, ಇನ್ನೊಬ್ಬರಿಗೆ ಮಾಡ್ ಹಾಕಿದ ಸರ್ವರ್ ಬೇಕು. ಎಲ್ಲವೂ ಕೇಳುವುದು 25565 ಪೋರ್ಟನ್ನೇ. ಒಂದಕ್ಕೆ 25566, ಮತ್ತೊಂದಕ್ಕೆ 25567 ಅಂತ ಕೊಡುತ್ತಾ ಹೋದರೆ ಯಾವ ನಂಬರ್ ಯಾವುದಕ್ಕೆ ಅನ್ನುವುದು ಕೊಟ್ಟವರಿಗೂ ನೆನಪಿರುವುದಿಲ್ಲ.

ಕಂಟೇನರ್ ಕ್ಲಸ್ಟರ್‌ಗೆ ಬಂದರೆ ಇನ್ನೊಂದು ತೊಂದರೆ. ಪಾಡ್ ಸತ್ತು ಮತ್ತೆ ಹುಟ್ಟಿದಾಗ ಅದರ ಐಪಿ ಬೇರೆಯಾಗಿರುತ್ತದೆ. ಯಾವುದೋ ಕಾನ್ಫಿಗ್ ಫೈಲಿನಲ್ಲಿ ಕೈಯಾರೆ ಬರೆದಿಟ್ಟ ಪಟ್ಟಿ ಆ ಕ್ಷಣವೇ ಹಳಸುತ್ತದೆ. ಆದ್ದರಿಂದ ಪಟ್ಟಿಯನ್ನೇ ಇಡಬಾರದು. ಸರ್ವರ್ ತಾನು ಯಾರು ಅಂತ ಕ್ಲಸ್ಟರ್‌ಗೆ ಹೇಳಬೇಕು, ಮುಂದೆ ನಿಂತಿರುವ ರೌಟರ್ ಅದನ್ನು ಕೇಳಿಸಿಕೊಳ್ಳಬೇಕು.

ಈ ಮಾರ್ಗದರ್ಶಿ ಮುಗಿಯುವ ಹೊತ್ತಿಗೆ ನಿಮ್ಮ ಬಳಿ ಇರಬೇಕಾದದ್ದು ಇಷ್ಟು. ಹೊಸ ಸರ್ವರ್ ಬೇಕೆಂದರೆ ಒಂದು ಯಾಮಲ್ ಫೈಲ್ ಅಪ್ಲೈ ಮಾಡುತ್ತೀರಿ, ಅದರ ಹೆಸರು ಕೆಲಸ ಮಾಡಲು ಶುರುವಾಗುತ್ತದೆ. ಆ ಫೈಲಿನಲ್ಲಿರುವುದನ್ನು ಕ್ಲಸ್ಟರ್‌ನಿಂದ ಅಳಿಸಿದರೆ ಹೆಸರೂ ಹೋಗುತ್ತದೆ. ರೌಟರ್ ರೀಸ್ಟಾರ್ಟ್ ಮಾಡುವ ಮಾತೇ ಇಲ್ಲ. ಬಳಸುವುದು ಕೆ3ಎಸ್ ಎಂಬ ಹಗುರವಾದ ಕ್ಯೂಬರ್ನೆಟೀಸ್ ಮತ್ತು ಎಂಸಿ-ರೌಟರ್ ಎಂಬ ಓಪನ್ ಸೋರ್ಸ್ ಸಾಧನ. ಪಾಡ್, ಸರ್ವೀಸ್, ನೇಮ್‌ಸ್ಪೇಸ್ ಅಂದರೆ ಏನು ಅಂತ ನಿಮಗೆ ಗೊತ್ತಿದೆ ಎಂದುಕೊಂಡಿದ್ದೇನೆ.

ಇನ್ನೊಂದು ವಿಷಯ. ಇಲ್ಲಿ ಕನ್ನಡದಲ್ಲಿ ಬರೆದಿರುವ ಕಮಾಂಡ್, ಫೀಲ್ಡ್ ಹೆಸರುಗಳನ್ನೆಲ್ಲ ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು.

ಇದು ಯಾಕೆ ಸಾಧ್ಯ?

ಮೈನ್‌ಕ್ರಾಫ್ಟ್ ಜಾವಾ ಎಡಿಷನ್‌ನಲ್ಲಿ ಕ್ಲೈಂಟ್ ಕನೆಕ್ಟ್ ಆದ ತಕ್ಷಣ ಕಳಿಸುವ ಮೊದಲ ಪ್ಯಾಕೆಟ್‌ಗೆ ಹ್ಯಾಂಡ್‌ಶೇಕ್ ಅಂತ ಹೆಸರು. ಅದರಲ್ಲಿ ನಾಲ್ಕು ಸಂಗತಿ ಇರುತ್ತವೆ: ಪ್ರೋಟೋಕಾಲ್ ವರ್ಷನ್, ಆಟಗಾರ ಟೈಪ್ ಮಾಡಿದ ಸರ್ವರ್ ಹೆಸರು, ಪೋರ್ಟ್, ಮುಂದೆ ಏನು ಬೇಕು ಎಂಬ ಸಂಖ್ಯೆ. ಆ ಸಂಖ್ಯೆ 1 ಆದರೆ ಸರ್ವರ್ ಪಟ್ಟಿಯಲ್ಲಿ ತೋರಿಸಲು ಬರೀ ಸ್ಥಿತಿ ಬೇಕು, 2 ಆದರೆ ಲಾಗಿನ್ ಆಗಬೇಕು. ಎನ್‌ಕ್ರಿಪ್ಷನ್ ಶುರುವಾಗುವುದು ಇದರ ನಂತರ, ಲಾಗಿನ್ ಹಂತದಲ್ಲಿ. ಅಂದರೆ ಹ್ಯಾಂಡ್‌ಶೇಕ್ ಅನ್ನು ಮಧ್ಯದಲ್ಲಿ ಕೂತ ಯಾರು ಬೇಕಾದರೂ ಓದಬಹುದು.

ಎಂಸಿ-ರೌಟರ್ ಮಾಡುವುದು ಇಷ್ಟೇ. ಅಪಾರ್ಟ್‌ಮೆಂಟ್ ಗೇಟಿನಲ್ಲಿ ಕೂತ ಸೆಕ್ಯೂರಿಟಿಯವರು ಯಾರ ಮನೆಗೆ ಅಂತ ಕೇಳಿ ಒಳಗೆ ಬಿಡುತ್ತಾರಲ್ಲ, ಹಾಗೆ ಹೆಸರು ಓದುತ್ತದೆ, ಸರಿಯಾದ ಸರ್ವರ್‌ಗೆ ಟಿಸಿಪಿ ಕನೆಕ್ಷನ್ ತೆರೆಯುತ್ತದೆ, ಆಮೇಲೆ ಬಂದ ಬೈಟ್‌ಗಳನ್ನು ಮುಟ್ಟದೆ ದಾಟಿಸುತ್ತದೆ. ಲಾಗಿನ್, ಎನ್‌ಕ್ರಿಪ್ಷನ್ ಎಲ್ಲ ಆಟಗಾರ ಮತ್ತು ಸರ್ವರ್ ನಡುವಿನ ವ್ಯವಹಾರ. ಹಾಗಾಗಿ ಆನ್‌ಲೈನ್ ಮೋಡ್ (ಆಟಗಾರನ ಅಕೌಂಟ್ ಅಸಲಿಯೇ ಅಂತ ನೋಡುವ ಸೆಟ್ಟಿಂಗ್) ಆಫ್ ಮಾಡುವ ಅಗತ್ಯ ಬರುವುದಿಲ್ಲ. ಇದು ದೊಡ್ಡ ಅನುಕೂಲ.

"ಲ್ಯಾನ್‌ನಲ್ಲಿ ಮೈನ್‌ಕ್ರಾಫ್ಟ್ ತಾನಾಗಿ ಸರ್ವರ್ ಹುಡುಕುತ್ತದಲ್ಲ, ಅದನ್ನೇ ಬಳಸಬಹುದಲ್ವಾ?" ಅಂತ ಕೆಲವರು ಕೇಳುತ್ತಾರೆ. ಲ್ಯಾನ್‌ಗೆ ತೆರೆದ ಆಟ ಒಂದೂವರೆ ಸೆಕೆಂಡಿಗೊಮ್ಮೆ 224.0.2.60 ಎಂಬ ಮಲ್ಟಿಕಾಸ್ಟ್ ಅಡ್ರೆಸ್‌ಗೆ, 4445 ಯುಡಿಪಿ ಪೋರ್ಟಿಗೆ, ತನ್ನ ಹೆಸರು ಮತ್ತು ಪೋರ್ಟ್ ಕೂಗಿ ಹೇಳುತ್ತದೆ. ಮನೆಯ ವೈಫೈನಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಕ್ಲಸ್ಟರ್‌ನ ಒಳಗಿನ ನೆಟ್‌ವರ್ಕ್‌ನಲ್ಲಿ ಮಲ್ಟಿಕಾಸ್ಟ್ ಒಂದು ನೋಡ್‌ನಿಂದ ಇನ್ನೊಂದಕ್ಕೆ ಹೋಗುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ಅದೂ ಅಲ್ಲದೆ ಡೆಡಿಕೇಟೆಡ್ ಸರ್ವರ್ ಹಾಗೆ ಕೂಗುವುದೇ ಇಲ್ಲ. ಆ ದಾರಿ ಬಿಡಿ.

ಹಂತ 1: ಕ್ಲಸ್ಟರ್

ಸಾರ್ವಜನಿಕ ಐಪಿ ಇರುವ ಒಂದು ಲಿನಕ್ಸ್ ಯಂತ್ರ ಸಾಕು. ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಮಾಡುವ ಆಸೆ ಇದ್ದರೆ ಮೊದಲು ರೌಟರ್ ಬಾಕ್ಸ್‌ನ ಪುಟದಲ್ಲಿ ಡಬ್ಲ್ಯೂಎಎನ್ ಐಪಿ ನೋಡಿ. ಅದು 100.64 ರಿಂದ 100.127 ರೊಳಗೆ ಶುರುವಾದರೆ ನೀವು ಸಿಜಿನ್ಯಾಟ್‌ನ (ಹಲವು ಮನೆಗಳಿಗೆ ಒಂದೇ ಸಾರ್ವಜನಿಕ ಐಪಿ ಹಂಚುವ ವ್ಯವಸ್ಥೆಯ) ಹಿಂದೆ ಇದ್ದೀರಿ, ಹೊರಗಿನವರು ನಿಮ್ಮಲ್ಲಿಗೆ ಬರಲಾರರು. ನಮ್ಮ ದೇಶದ ಮನೆ ಕನೆಕ್ಷನ್‌ಗಳಲ್ಲಿ ಇದು ಮಾಮೂಲಿ. ಆಗ ಕ್ಲೌಡ್ ಯಂತ್ರವೇ ಸರಿ. ಆಟಗಾರರು ಕರ್ನಾಟಕದವರೇ ಆದರೆ ಬೆಂಗಳೂರಿನಲ್ಲಿ ಡೇಟಾ ಸೆಂಟರ್ ಇರುವ ಡಿಜಿಟಲ್‌ಓಶನ್ ಥರದ್ದನ್ನು ನೋಡಿ, ಪಿಂಗ್ ಕಡಿಮೆ ಇರುತ್ತದೆ.

ಕೆ3ಎಸ್ ಇನ್‌ಸ್ಟಾಲ್ ಅದರದೇ ಸ್ಕ್ರಿಪ್ಟ್‌ನಿಂದ ಒಂದು ಸಾಲಿನಲ್ಲಿ ಮುಗಿಯುತ್ತದೆ. ಅದರ ಜೊತೆಗೇ ಕೋರ್‌ಡಿಎನ್‌ಎಸ್, ಲೋಕಲ್-ಪಾತ್ ಸ್ಟೋರೇಜ್, ಸರ್ವೀಸ್‌ಎಲ್‌ಬಿ ಎಂಬ ಪುಟ್ಟ ಲೋಡ್ ಬ್ಯಾಲೆನ್ಸರ್ ಬರುತ್ತವೆ. ಟ್ರಾಫಿಕ್ ಎಂಬ ಇನ್‌ಗ್ರೆಸ್ ಕೂಡ ಬರುತ್ತದೆ. ಅದು 80 ಮತ್ತು 443 ಹಿಡಿದುಕೊಳ್ಳುತ್ತದೆ, ನಮ್ಮ 25565 ಗೆ ಅಡ್ಡ ಬರುವುದಿಲ್ಲ. ಮೈನ್‌ಕ್ರಾಫ್ಟ್ ಎಂಬ ನೇಮ್‌ಸ್ಪೇಸ್ ಒಂದನ್ನು ಮಾಡಿಕೊಂಡು ಮುಂದೆ ಹೋಗಿ.

ಹಂತ 2: ಮೊದಲ ಸರ್ವರ್

ಐಟಿಝಡ್‌ಜಿ/ಮೈನ್‌ಕ್ರಾಫ್ಟ್-ಸರ್ವರ್ ಎಂಬ ಇಮೇಜ್ ಬಳಸಿ. ಪಾಡ್‌ಗಳನ್ನು ನಡೆಸುವ ಬಗೆಗಳಲ್ಲಿ ಡಿಪ್ಲಾಯ್‌ಮೆಂಟ್ ಬೇಡ, ಸ್ಟೇಟ್‌ಫುಲ್‌ಸೆಟ್ ಮಾಡಿ. ಒಂದು ವರ್ಲ್ಡ್‌ಗೆ ಒಂದೇ ಪ್ರೊಸೆಸ್ ಬರೆಯಬೇಕು. ಡಿಪ್ಲಾಯ್‌ಮೆಂಟ್ ಮಾಮೂಲಿ ರೀತಿಯಲ್ಲಿ ಅಪ್‌ಡೇಟ್ ಆಗುವಾಗ ಹಳೇ ಪಾಡ್ ಸಾಯುವ ಮೊದಲೇ ಹೊಸದು ಎದ್ದಿರುತ್ತದೆ, ಎರಡೂ ಒಂದೇ ವರ್ಲ್ಡ್‌ಗೆ ಕೈ ಹಾಕುತ್ತವೆ. ಸ್ಟೇಟ್‌ಫುಲ್‌ಸೆಟ್ ಹಳೆಯದು ಹೋದ ಮೇಲೆಯೇ ಹೊಸದನ್ನು ಎಬ್ಬಿಸುತ್ತದೆ. ಇದನ್ನೇ ಆರಿಸಲು ಇನ್ನೊಂದು ಕಾರಣವೂ ಇದೆ, ಮುಂದೆ ಬರುತ್ತದೆ.

ಸ್ಟೇಟ್‌ಫುಲ್‌ಸೆಟ್ ಹೆಸರು ಸರ್ವೈವಲ್ ಎಂದಿರಲಿ. ರೆಪ್ಲಿಕಾ 1. ಸರ್ವೀಸ್‌ನೇಮ್ ಫೀಲ್ಡ್‌ನಲ್ಲೂ ಸರ್ವೈವಲ್ ಎಂದೇ ಹಾಕಿ. ಪಾಡ್‌ಗೆ ಆ್ಯಪ್ ಎಂಬ ಲೇಬಲ್ ಕೊಟ್ಟು, ಅದರ ವ್ಯಾಲ್ಯೂ ಕೂಡ ಸರ್ವೈವಲ್ ಇರಲಿ. ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲಿ ಇಯುಎಲ್‌ಎ (ಮೈನ್‌ಕ್ರಾಫ್ಟ್‌ನ ಬಳಕೆ ಒಪ್ಪಂದ) ಟ್ರೂ ಆಗಲೇಬೇಕು, ಇಲ್ಲದಿದ್ದರೆ ಸರ್ವರ್ ಏಳುವುದೇ ಇಲ್ಲ. ಟೈಪ್‌ಗೆ ಪೇಪರ್ (ಪ್ಲಗಿನ್ ಹಾಕಬಹುದಾದ ಸರ್ವರ್ ಸಾಫ್ಟ್‌ವೇರ್), ಮೆಮೊರಿಗೆ 4ಜಿ ಕೊಡಿ. ಸ್ಲ್ಯಾಷ್ ಡೇಟಾ ಎಂಬ ಫೋಲ್ಡರ್‌ಗೆ ವಾಲ್ಯೂಮ್ ಜೋಡಿಸಿ, ವರ್ಲ್ಡ್ ಇರುವುದು ಅಲ್ಲೇ.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಮೊದಲನೆಯದು ಮೆಮೊರಿ ಲಿಮಿಟ್. 4ಜಿ ಅಂತ ಕೊಟ್ಟದ್ದು ಜಾವಾ ಹೀಪ್‌ಗೆ ಮಾತ್ರ. ಜಾವಾ ಅದರ ಮೇಲೂ ಮೆಮೊರಿ ತಿನ್ನುತ್ತದೆ. ಕಂಟೇನರ್‌ನ ಲಿಮಿಟ್ ಕೂಡ 4 ಗಿಗಾಬೈಟ್ ಇಟ್ಟರೆ ಲಿನಕ್ಸ್ ಅದನ್ನು ಕೊಲ್ಲುತ್ತದೆ, ನಿಮಗೆ 137 ಎಂಬ ಎಕ್ಸಿಟ್ ಕೋಡ್ ಕಾಣುತ್ತದೆ. ಹೀಪ್ 4 ಇದ್ದರೆ ಲಿಮಿಟ್ 6 ಇಡಿ.

ಎರಡನೆಯದು ನಿಲ್ಲಿಸುವ ಸಮಯ. ಪಾಡ್ ನಿಲ್ಲಿಸುವಾಗ ಕ್ಯೂಬರ್ನೆಟೀಸ್ ಸಿಗ್‌ಟರ್ಮ್ ಕಳಿಸಿ, ಬೇರೆ ಹೇಳದಿದ್ದರೆ 30 ಸೆಕೆಂಡ್ ಕಾಯುತ್ತದೆ, ಆಮೇಲೆ ನಿರ್ದಾಕ್ಷಿಣ್ಯವಾಗಿ ಕೊಲ್ಲುತ್ತದೆ. ಈ ಇಮೇಜ್ ಸಿಗ್‌ಟರ್ಮ್ ಬಂದಾಗ ಸರ್ವರ್‌ಗೆ ಸ್ಟಾಪ್ ಕಮಾಂಡ್ ಕೊಟ್ಟು ವರ್ಲ್ಡ್ ಸೇವ್ ಮಾಡಿಸುತ್ತದೆ. ದೊಡ್ಡ ವರ್ಲ್ಡ್‌ಗೆ 30 ಸೆಕೆಂಡ್ ಸಾಲದೇ ಹೋಗಬಹುದು. ಟರ್ಮಿನೇಷನ್ ಗ್ರೇಸ್ ಪೀರಿಯಡ್ 120 ಸೆಕೆಂಡ್ ಇಟ್ಟುಬಿಡಿ.

ಹಂತ 3: ರೆಡಿನೆಸ್ ಪ್ರೋಬ್

ರೆಡಿನೆಸ್ ಪ್ರೋಬ್ ಅಂದರೆ ಪಾಡ್ ಸಿದ್ಧವೇ ಅಂತ ಕ್ಯೂಬರ್ನೆಟೀಸ್ ಆಗಾಗ ನೋಡುವ ಪರೀಕ್ಷೆ. ಬಹಳ ಮಂದಿ ಇದನ್ನು ಬಿಟ್ಟು ನೇರ ರೌಟರ್‌ಗೆ ಹೋಗುತ್ತಾರೆ. ನನ್ನ ಪ್ರಕಾರ ಇಡೀ ಕೆಲಸದ ತಿರುಳು ಇದೇ. ಸರ್ವರ್ ಎಲ್ಲಿದೆ ಅಂತ ಕಂಡುಹಿಡಿಯುವುದು ಸುಲಭ, ಕ್ಲಸ್ಟರ್‌ಗೆ ಅದು ಮೊದಲೇ ಗೊತ್ತು. ಆಟಗಾರರನ್ನು ಒಳಗೆ ಬಿಡಲು ಅದು ಸಿದ್ಧವಾಗಿದೆಯೇ ಅನ್ನುವುದೇ ಕಷ್ಟದ ಪ್ರಶ್ನೆ. ಮೈನ್‌ಕ್ರಾಫ್ಟ್ ಸರ್ವರ್ ಏಳಲು ಹೊತ್ತು ಹಿಡಿಯುತ್ತದೆ. ಜಾರ್ ಫೈಲ್ ಇಳಿಸಿಕೊಳ್ಳಬೇಕು, ಪ್ಲಗಿನ್ ಲೋಡ್ ಆಗಬೇಕು, ವರ್ಲ್ಡ್‌ನ ಮೊದಲ ಭಾಗ ಹುಟ್ಟಬೇಕು. ಕ್ಯೂಬರ್ನೆಟೀಸ್ ಕಣ್ಣಿಗೆ ಮಾತ್ರ ಪ್ರೊಸೆಸ್ ಶುರುವಾದ ಕ್ಷಣವೇ ಪಾಡ್ ರನ್ನಿಂಗ್.

ಈ ಇಮೇಜ್‌ನಲ್ಲಿ ಎಂಸಿ-ಹೆಲ್ತ್ ಎಂಬ ಕಮಾಂಡ್ ಇದೆ. ಅದು ಆಟದ ಪ್ರೋಟೋಕಾಲ್‌ನಲ್ಲೇ ಸರ್ವರ್‌ನ ಸ್ಥಿತಿ ಕೇಳುತ್ತದೆ. ಪೋರ್ಟ್ ತೆರೆದಿದೆಯೇ ಅಂತ ಸುಮ್ನೆ ತಟ್ಟಿ ನೋಡುವುದಕ್ಕಿಂತ ಇದು ಎಷ್ಟೋ ಮೇಲು. ರೆಡಿನೆಸ್ ಪ್ರೋಬ್‌ನಲ್ಲಿ ಎಕ್ಸೆಕ್ ಬಗೆ ಆರಿಸಿ ಎಂಸಿ-ಹೆಲ್ತ್ ಕೊಡಿ. ಮೊದಲ 30 ಸೆಕೆಂಡ್ ಬಿಟ್ಟು, ಆಮೇಲೆ 5 ಸೆಕೆಂಡಿಗೊಮ್ಮೆ ನೋಡಲಿ. ಟೈಮ್‌ಔಟ್ ಬೇರೆ ಕೊಡದಿದ್ದರೆ 1 ಸೆಕೆಂಡ್ ಇರುತ್ತದೆ, ಅದು ಬಿಗಿ. ಮೂರು ನಾಲ್ಕು ಸೆಕೆಂಡ್ ಮಾಡಿ.

ಲೈವ್‌ನೆಸ್ ಪ್ರೋಬ್ ಬಗ್ಗೆ ಹುಷಾರು. ರೆಡಿನೆಸ್ ಸೋತರೆ ಹೊಸಬರಿಗೆ ದಾರಿ ಮುಚ್ಚುತ್ತದೆ ಅಷ್ಟೆ. ಲೈವ್‌ನೆಸ್ ಸೋತರೆ ಕಂಟೇನರ್ ರೀಸ್ಟಾರ್ಟ್ ಆಗುತ್ತದೆ. ಯಾರೋ ಎಲಿಟ್ರಾ (ಆಟದಲ್ಲಿ ಹಾರಲು ಬಳಸುವ ರೆಕ್ಕೆ) ಹಾಕಿಕೊಂಡು ಹೊಸ ಜಾಗಕ್ಕೆ ಹಾರಿದರೆ ಸರ್ವರ್ ಸ್ವಲ್ಪ ಹೊತ್ತು ಉಸಿರು ಕಟ್ಟುತ್ತದೆ. ಆಗ ಲೈವ್‌ನೆಸ್ ಬಿಗಿಯಾಗಿದ್ದರೆ ಆಡುತ್ತಿದ್ದ ಎಲ್ಲರೂ ಹೊರಬೀಳುತ್ತಾರೆ. ಹಾಕಲೇಬೇಕೆಂದರೆ ಸ್ಟಾರ್ಟಪ್ ಪ್ರೋಬ್ ಜೊತೆಗೆ, ತುಂಬ ಸಡಿಲವಾಗಿ ಹಾಕಿ. ಶುರುವಿನಲ್ಲಿ ನಾನಂತೂ ಹಾಕುವುದಿಲ್ಲ.

ಹಂತ 4: ಸರ್ವೀಸ್ ಮತ್ತು ಆನೋಟೇಶನ್

ಈಗ ಸರ್ವರ್ ತನ್ನ ಹೆಸರು ಹೇಳುವ ಜಾಗ. ಸರ್ವೈವಲ್ ಎಂಬ ಹೆಸರಿನ ಒಂದು ಸರ್ವೀಸ್ ಮಾಡಿ. ಬಗೆ ಮಾಮೂಲಿ ಕ್ಲಸ್ಟರ್‌ಐಪಿ. ಪೋರ್ಟ್ 25565. ಸೆಲೆಕ್ಟರ್‌ನಲ್ಲಿ ಆ್ಯಪ್ ಸರ್ವೈವಲ್. ಇಷ್ಟು ಯಾವುದೇ ಸರ್ವೀಸ್‌ಗೆ ಇರುವಂಥದ್ದೇ. ವಿಶೇಷ ಇರುವುದು ಮೆಟಾಡೇಟಾ ಕೆಳಗಿನ ಒಂದು ಆನೋಟೇಶನ್‌ನಲ್ಲಿ.

ಆ ಆನೋಟೇಶನ್‌ನ ಕೀ ಎರಡು ಭಾಗದ್ದು. ಮೊದಲ ಭಾಗ ಎಂಸಿ-ರೌಟರ್ ಡಾಟ್ ಐಟಿಝಡ್‌ಜಿ ಡಾಟ್ ಎಂಇ. ಆಮೇಲೆ ಒಂದು ಸ್ಲ್ಯಾಷ್. ಎರಡನೇ ಭಾಗ ಎಕ್ಸ್‌ಟರ್ನಲ್‌ಸರ್ವರ್‌ನೇಮ್, ಮಧ್ಯೆ ಜಾಗವಿಲ್ಲದೆ, ಸರ್ವರ್‌ನ ಎಸ್ ಮತ್ತು ನೇಮ್‌ನ ಎನ್ ಮಾತ್ರ ಕ್ಯಾಪಿಟಲ್. ವ್ಯಾಲ್ಯೂ ಆಗಿ ಆಟಗಾರರು ಟೈಪ್ ಮಾಡುವ ಪೂರ್ತಿ ಹೆಸರು ಕೊಡಿ: ಸರ್ವೈವಲ್ ಡಾಟ್ ಎಕ್ಸಾಂಪಲ್ ಡಾಟ್ ಕಾಮ್. ಎಕ್ಸಾಂಪಲ್ ಜಾಗದಲ್ಲಿ ನಿಮ್ಮ ಡೊಮೇನ್ ಇರಬೇಕು ಅಂತ ಹೇಳಬೇಕಿಲ್ಲ. ಒಂದೇ ಸರ್ವರ್‌ಗೆ ಎರಡು ಹೆಸರು ಬೇಕಿದ್ದರೆ ಮಧ್ಯೆ ಕಾಮಾ ಹಾಕಿ ಬರೆಯಿರಿ.

ಅಕ್ಷರ ತಪ್ಪಿದರೆ ಯಾವ ಎರರೂ ಬರುವುದಿಲ್ಲ. ಆನೋಟೇಶನ್ ಅಂದರೆ ಕ್ಯೂಬರ್ನೆಟೀಸ್‌ಗೆ ಬರೀ ಚೀಟಿ, ಅದರಲ್ಲಿ ಏನು ಬರೆದಿದೆ ಅನ್ನುವುದು ಅದಕ್ಕೆ ಬೇಕಿಲ್ಲ. ರೌಟರ್ ಕೂಡ ತನ್ನದಲ್ಲದ ಚೀಟಿಯನ್ನು ನೋಡದೆ ಮುಂದೆ ಹೋಗುತ್ತದೆ. ಹಾಗಾಗಿ ಸರ್ವರ್ ಕಾಣುತ್ತಿಲ್ಲ ಎಂದಾಗ ಮೊದಲು ನೋಡಬೇಕಾದ್ದು ಈ ಸಾಲನ್ನೇ.

ಇನ್ನೊಂದು ಆನೋಟೇಶನ್ ಇದೆ, ಡಿಫಾಲ್ಟ್‌ಸರ್ವರ್ ಅಂತ. ಯಾವ ಹೆಸರಿಗೂ ಹೊಂದದ ಕನೆಕ್ಷನ್ ಬಂದರೆ ಅದನ್ನು ಈ ಸರ್ವರ್‌ಗೆ ಕಳಿಸು ಎಂದು ಅರ್ಥ. ನನ್ನ ಸಲಹೆ, ಇದನ್ನು ಹಾಕಬೇಡಿ. ಇಂಟರ್‌ನೆಟ್‌ನಲ್ಲಿ 25565 ತೆರೆದಿರುವ ಐಪಿಗಳನ್ನು ಹುಡುಕುತ್ತಾ ಅಲೆಯುವ ಬಾಟ್‌ಗಳು ತುಂಬ ಇವೆ. ಅವು ಬರುವುದು ಐಪಿ ಹಿಡಿದು, ಹೆಸರು ಹಿಡಿದಲ್ಲ. ಡಿಫಾಲ್ಟ್ ಇಲ್ಲದಿದ್ದರೆ ಅಂಥವು ರೌಟರ್‌ನ ಬಾಗಿಲಲ್ಲೇ ನಿಲ್ಲುತ್ತವೆ.

ಆರ್‌ಕಾನ್ (ದೂರದಿಂದ ಸರ್ವರ್‌ಗೆ ಕಮಾಂಡ್ ಕೊಡುವ ವ್ಯವಸ್ಥೆ) ಪೋರ್ಟ್ 25575 ಅನ್ನು ಹೊರಗೆ ಹೋಗುವ ಯಾವ ಸರ್ವೀಸ್‌ಗೂ ಸೇರಿಸಬೇಡಿ. ಕಮಾಂಡ್ ಕೊಡಬೇಕಿದ್ದರೆ ಪಾಡ್ ಒಳಗೆ ಎಕ್ಸೆಕ್ ಮಾಡಿ.

ಹಂತ 5: ರೌಟರ್‌ಗೆ ಅನುಮತಿ

ರೌಟರ್ ಕೂಡ ಒಂದು ಪಾಡ್. ಅದು ಕ್ಯೂಬರ್ನೆಟೀಸ್‌ನ ಎಪಿಐ ಸರ್ವರ್ ಅನ್ನು ಕೇಳಿ ಸರ್ವೀಸ್‌ಗಳ ಪಟ್ಟಿ ಪಡೆಯುತ್ತದೆ. ಸುಮ್ಮನೆ ಕೇಳಿದರೆ ಕೊಡುವುದಿಲ್ಲ, ಹಕ್ಕು ಬೇಕು. ಅದಕ್ಕೆ ಮೂರು ವಸ್ತು. ಎಂಸಿ-ರೌಟರ್ ಎಂಬ ಸರ್ವೀಸ್‌ಅಕೌಂಟ್. ಸರ್ವೀಸಸ್ ಮೇಲೆ ಲಿಸ್ಟ್ ಮತ್ತು ವಾಚ್ ಮಾಡಬಹುದು ಎನ್ನುವ ಕ್ಲಸ್ಟರ್‌ರೋಲ್. ಇವೆರಡನ್ನೂ ಜೋಡಿಸುವ ಕ್ಲಸ್ಟರ್‌ರೋಲ್‌ಬೈಂಡಿಂಗ್. ಇಷ್ಟಕ್ಕಿಂತ ಜಾಸ್ತಿ ಈಗ ಕೊಡಬೇಡಿ. "ಎಲ್ಲದಕ್ಕೂ ಅಡ್ಮಿನ್ ಕೊಟ್ಟುಬಿಡೋಣ" ಅನ್ನುವ ಸೋಮಾರಿತನ ಇಂಟರ್‌ನೆಟ್‌ಗೆ ಮುಖ ಮಾಡಿ ಕೂತ ಪಾಡ್‌ನಲ್ಲಿ ಬೇಡವೇ ಬೇಡ.

ಲಿಸ್ಟ್ ಮತ್ತು ವಾಚ್ ಎರಡೂ ಯಾಕೆ? ರೌಟರ್ ಎದ್ದಾಗ ಒಮ್ಮೆ ಲಿಸ್ಟ್ ಮಾಡಿ ಈಗಿರುವ ಎಲ್ಲ ಸರ್ವೀಸ್‌ಗಳನ್ನು ತಿಳಿದುಕೊಳ್ಳುತ್ತದೆ. ಆಮೇಲೆ ಅದೇ ಜಾಗದಿಂದ ವಾಚ್ ತೆರೆದು ಕಾಯುತ್ತದೆ. ಏನಾದರೂ ಸೇರಿದರೆ, ಬದಲಾದರೆ, ಅಳಿದರೆ ಎಪಿಐ ಸರ್ವರ್ ತಾನಾಗಿ ಸುದ್ದಿ ಕಳಿಸುತ್ತದೆ. ಐದೈದು ಸೆಕೆಂಡಿಗೆ ಕೇಳುತ್ತಾ ಕೂರುವ ಕೆಲಸವಿಲ್ಲ. ಹೊಸ ಸರ್ವೀಸ್ ಅಪ್ಲೈ ಮಾಡಿದ ತಕ್ಷಣ ರೌಟರ್ ಲಾಗ್‌ನಲ್ಲಿ ಸಾಲು ಬೀಳುವುದು ಇದರಿಂದಲೇ. ಡಿಸ್ಕವರಿ ಅಂತ ನಾವು ಕರೆಯುವ ಈ ಇಡೀ ಮಾಯೆ ಕ್ಯೂಬರ್ನೆಟೀಸ್‌ನಲ್ಲಿ ಮೊದಲಿನಿಂದಲೂ ಇದೆ. ಕನ್ಸಲ್ ಥರದ, ಸರ್ವೀಸ್‌ಗಳ ಪಟ್ಟಿ ಇಡುವ ಬೇರೆ ರಿಜಿಸ್ಟ್ರಿ ತಂದು ಕೂರಿಸುವುದು ಇಲ್ಲಿ ಹೆಚ್ಚುವರಿ ಹೊರೆ.

ಹಂತ 6: ರೌಟರ್

ಐಟಿಝಡ್‌ಜಿ/ಎಂಸಿ-ರೌಟರ್ ಇಮೇಜ್‌ನ ಒಂದು ಡಿಪ್ಲಾಯ್‌ಮೆಂಟ್ ಮಾಡಿ. ಇದಕ್ಕೆ ಡಿಸ್ಕ್ ಬೇಡ, ನೆನಪಿಟ್ಟುಕೊಳ್ಳುವಂಥದ್ದು ಏನೂ ಇಲ್ಲ. ಸರ್ವೀಸ್‌ಅಕೌಂಟ್‌ನೇಮ್‌ನಲ್ಲಿ ಮೇಲಿನ ಅಕೌಂಟ್ ಹಾಕುವುದನ್ನು ಮರೆಯಬೇಡಿ. ಆರ್ಗ್ಯುಮೆಂಟ್ ಎರಡು ಸಾಕು: ಇನ್-ಕ್ಯೂಬ್-ಕ್ಲಸ್ಟರ್, ಮತ್ತು ಎಪಿಐ-ಬೈಂಡಿಂಗ್‌ಗೆ 8080 ಪೋರ್ಟ್. ಎರಡಕ್ಕೂ ಮುಂದೆ ಎರಡು ಗೀಟು ಬರಬೇಕು.

ಇದರ ಮುಂದೆ ಲೋಡ್‌ಬ್ಯಾಲೆನ್ಸರ್ ಬಗೆಯ ಒಂದು ಸರ್ವೀಸ್, ಪೋರ್ಟ್ 25565 ಮಾತ್ರ. ಕೆ3ಎಸ್‌ನ ಸರ್ವೀಸ್‌ಎಲ್‌ಬಿ ಆ ಪೋರ್ಟನ್ನು ಯಂತ್ರದ ಐಪಿಯಲ್ಲೇ ತೆರೆದುಕೊಡುತ್ತದೆ. ಕ್ಲೌಡ್ ಫೈರ್‌ವಾಲ್‌ನಲ್ಲೂ 25565 ಟಿಸಿಪಿ ತೆರೆಯಿರಿ. 8080 ಅನ್ನು ಹೊರಗೆ ಬಿಡಬೇಡಿ. ಆ ಎಪಿಐಯಿಂದ ರೂಟ್‌ಗಳನ್ನು (ಯಾವ ಹೆಸರು ಯಾವ ಸರ್ವರ್‌ಗೆ ಎಂಬ ದಾರಿಗಳನ್ನು) ನೋಡುವುದಷ್ಟೇ ಅಲ್ಲ, ಸೇರಿಸಲೂ ಅಳಿಸಲೂ ಆಗುತ್ತದೆ.

ಹಂತ 7: ಡಿಎನ್‌ಎಸ್

ಪ್ರತಿ ಸರ್ವರ್‌ಗೂ ಒಂದೊಂದು ರೆಕಾರ್ಡ್ ಹಾಕುತ್ತಾ ಕೂತರೆ ಮತ್ತೆ ಕೈಪಟ್ಟಿಯೇ ಆಯಿತು. ವೈಲ್ಡ್‌ಕಾರ್ಡ್ ಎ ರೆಕಾರ್ಡ್ ಹಾಕಿ: ನಕ್ಷತ್ರ ಚಿಹ್ನೆ, ಡಾಟ್, ನಿಮ್ಮ ಡೊಮೇನ್. ಎಲ್ಲ ಹೆಸರೂ ಒಂದೇ ಐಪಿಗೆ ಬರುತ್ತವೆ, ಬೇರ್ಪಡಿಸುವುದು ರೌಟರ್‌ನ ಕೆಲಸ. ಕ್ಲೌಡ್‌ಫ್ಲೇರ್ ಬಳಸುವವರು ಆ ರೆಕಾರ್ಡ್‌ನ ಕಿತ್ತಳೆ ಮೋಡವನ್ನು ಬೂದು ಮಾಡಿ. ಅದರ ಮಾಮೂಲಿ ಪ್ರಾಕ್ಸಿ ವೆಬ್ ಟ್ರಾಫಿಕ್‌ಗೆ ಇರುವುದು, 25565 ಅನ್ನು ದಾಟಿಸುವುದಿಲ್ಲ.

ಮೊದಲೇ ಎಸ್‌ಆರ್‌ವಿ ರೆಕಾರ್ಡ್ (ಒಂದು ಹೆಸರಿಗೆ ಬೇರೆ ಹೆಸರು ಮತ್ತು ಪೋರ್ಟ್ ತೋರಿಸುವ ಡಿಎನ್‌ಎಸ್ ರೆಕಾರ್ಡ್) ಇಟ್ಟುಕೊಂಡವರಿಗೆ ಒಂದು ಮಾತು. ಎಸ್‌ಆರ್‌ವಿ ಮೂಲಕ ಹೋದಾಗ ಕ್ಲೈಂಟ್ ಹ್ಯಾಂಡ್‌ಶೇಕ್‌ನಲ್ಲಿ ಕಳಿಸುವುದು ಆಟಗಾರ ಟೈಪ್ ಮಾಡಿದ ಹೆಸರನ್ನಲ್ಲ, ಎಸ್‌ಆರ್‌ವಿ ತೋರಿಸಿದ ಗುರಿಯ ಹೆಸರನ್ನು. ಎಲ್ಲ ಎಸ್‌ಆರ್‌ವಿಗಳೂ ಒಂದೇ ಗುರಿಗೆ ತೋರಿಸುತ್ತಿದ್ದರೆ ರೌಟರ್‌ಗೆ ಎಲ್ಲರೂ ಒಂದೇ ಥರ ಕಾಣುತ್ತಾರೆ. ಇದು ಗೊತ್ತಿಲ್ಲದೆ ಹುಡುಕಲು ಕೂತರೆ ತಲೆ ಕೆಡುತ್ತದೆ. ಎಲ್ಲವೂ 25565 ನಲ್ಲೇ ಇರುವಾಗ ಎಸ್‌ಆರ್‌ವಿಯ ಅಗತ್ಯವೇ ಇಲ್ಲ, ಅಳಿಸಿಬಿಡಿ.

ಡೊಮೇನ್ ಇನ್ನೂ ಕೊಂಡಿಲ್ಲವೇ? ನಿಮ್ಮ ಕಂಪ್ಯೂಟರ್‌ನ ಹೋಸ್ಟ್ಸ್ ಫೈಲಿನಲ್ಲಿ ಯಂತ್ರದ ಐಪಿ ಮತ್ತು ಹೆಸರು ಬರೆದರೆ ಪರೀಕ್ಷೆಗೆ ಸಾಕು.

ಹಂತ 8: ಪರೀಕ್ಷೆ

ಕ್ಯೂಬ್‌ಸಿಟಿಎಲ್ ಪೋರ್ಟ್-ಫಾರ್ವರ್ಡ್ ಮಾಡಿ ರೌಟರ್‌ನ 8080 ಅನ್ನು ನಿಮ್ಮ ಯಂತ್ರಕ್ಕೆ ತನ್ನಿ. ಸ್ಲ್ಯಾಷ್ ರೂಟ್ಸ್ ಎಂಬ ವಿಳಾಸವನ್ನು ಕರ್ಲ್ ಕಮಾಂಡ್‌ನಿಂದ, ಅಕ್ಸೆಪ್ಟ್ ಹೆಡರ್‌ನಲ್ಲಿ ಅಪ್ಲಿಕೇಶನ್ ಸ್ಲ್ಯಾಷ್ ಜೆಸನ್ ಕೊಟ್ಟು ಕೇಳಿ. ಸರ್ವೈವಲ್‌ನ ಹೆಸರು, ಅದರ ಎದುರು ಕ್ಲಸ್ಟರ್ ಒಳಗಿನ ವಿಳಾಸ ಕಾಣಬೇಕು. ಈಗ ಅಸಲಿ ಪರೀಕ್ಷೆ. ಸರ್ವೈವಲ್‌ನ ಫೈಲ್‌ಗಳನ್ನು ಕಾಪಿ ಮಾಡಿ, ಎಲ್ಲ ಕಡೆ ಕ್ರಿಯೇಟಿವ್ ಎಂದು ಬದಲಿಸಿ, ಅಪ್ಲೈ ಮಾಡಿ. ರೌಟರ್ ಪಾಡ್ ಮುಟ್ಟಬೇಡಿ. ಮತ್ತೆ ರೂಟ್ಸ್ ಕೇಳಿದರೆ ಎರಡು ಸಾಲು ಇರಬೇಕು. ಕ್ರಿಯೇಟಿವ್‌ನ ಸರ್ವೀಸ್ ಅಳಿಸಿ, ಒಂದು ಸಾಲು ಹೋಗಬೇಕು.

ಹೆಸರು ಕಾಣದಿದ್ದರೆ ಈ ಕ್ರಮದಲ್ಲಿ ಹುಡುಕಿ. ಮೊದಲು ಆನೋಟೇಶನ್‌ನ ಅಕ್ಷರ. ಆಮೇಲೆ ಹಕ್ಕು: ಕ್ಯೂಬ್‌ಸಿಟಿಎಲ್ ಆಥ್ ಕ್ಯಾನ್-ಐ ಕಮಾಂಡ್‌ಗೆ ಲಿಸ್ಟ್ ಸರ್ವೀಸಸ್ ಎಂದು ಕೊಟ್ಟು, ಆ್ಯಸ್ ಆಯ್ಕೆಯಲ್ಲಿ ರೌಟರ್‌ನ ಸರ್ವೀಸ್‌ಅಕೌಂಟ್ ಹಾಕಿ. ಯೆಸ್ ಅಥವಾ ನೋ ಅಂತ ನೇರ ಉತ್ತರ ಬರುತ್ತದೆ. ನೋ ಬಂದರೆ ಹೆಚ್ಚಿನ ಸಲ ತಪ್ಪು ಇರುವುದು ಬೈಂಡಿಂಗ್‌ನಲ್ಲಿ ಬರೆದ ನೇಮ್‌ಸ್ಪೇಸ್‌ನಲ್ಲಿ.

ಹೆಸರು ಕಾಣುತ್ತಿದೆ, ಆದರೆ ಆಟಕ್ಕೆ ಹೋಗಲಾಗುತ್ತಿಲ್ಲ ಎಂದರೆ ಕಥೆ ಬೇರೆ. ರೌಟರ್ ಕಂಡುಕೊಳ್ಳುವುದು ಸರ್ವೀಸ್ ಅನ್ನು, ಪಾಡ್ ಅನ್ನು ಅಲ್ಲ. ಸರ್ವೀಸ್ ಇದ್ದು ಅದರ ಹಿಂದೆ ಒಂದೂ ಸಿದ್ಧ ಪಾಡ್ ಇಲ್ಲದಿದ್ದರೂ ರೂಟ್ ಪಟ್ಟಿಯಲ್ಲಿ ಹೆಸರು ಇದ್ದೇ ಇರುತ್ತದೆ. ಸಿದ್ಧವೋ ಇಲ್ಲವೋ ಅನ್ನುವ ಮಾಹಿತಿ ಇರುವುದು ಸರ್ವೀಸ್ ಹಿಂದಿನ ಪಾಡ್‌ಗಳ ಐಪಿ ಪಟ್ಟಿಯಾದ ಎಂಡ್‌ಪಾಯಿಂಟ್‌ಸ್ಲೈಸ್‌ನಲ್ಲಿ. ಅದನ್ನು ಕ್ಯೂಬ್‌ಸಿಟಿಎಲ್‌ನಲ್ಲಿ ನೋಡಿ. ಖಾಲಿ ಇದ್ದರೆ ಸೆಲೆಕ್ಟರ್ ಮತ್ತು ಪಾಡ್ ಲೇಬಲ್ ಹೊಂದುತ್ತಿಲ್ಲ. ಐಪಿ ಇದ್ದೂ ರೆಡಿ ಫಾಲ್ಸ್ ಎಂದಿದ್ದರೆ ಪ್ರೋಬ್ ಸೋಲುತ್ತಿದೆ, ಸರ್ವರ್‌ನ ಲಾಗ್ ಓದಿ. ಹಂತ 3 ಅನ್ನು ಬಿಟ್ಟವರಿಗೆ ಈ ಸುಳಿವೇ ಸಿಗುವುದಿಲ್ಲ. ಅವರ ಪಾಡ್ ಯಾವಾಗಲೂ ರೆಡಿ, ಆಟಗಾರರಿಗೆ ಮಾತ್ರ ಕನೆಕ್ಷನ್ ರಿಫ್ಯೂಸ್ಡ್.

ಮಲಗಿಸುವುದು, ಎಬ್ಬಿಸುವುದು

ಸ್ಟೇಟ್‌ಫುಲ್‌ಸೆಟ್ ಆರಿಸಲು ಇನ್ನೊಂದು ಕಾರಣ ಇದೆ ಅಂದಿದ್ದೆನಲ್ಲ, ಅದು ಇದೇ. ಮೂರು ಸರ್ವರ್ ಇದ್ದರೂ ಒಂದು ಹೊತ್ತಿಗೆ ಆಡುವುದು ಒಂದರಲ್ಲೇ. ಉಳಿದವು ಸುಮ್ಮನೆ ನಾಲ್ಕು ನಾಲ್ಕು ಗಿಗಾಬೈಟ್ ಹಿಡಿದುಕೊಂಡು ಕೂತಿರುತ್ತವೆ. ಎಂಸಿ-ರೌಟರ್‌ಗೆ ಆಟೋ-ಸ್ಕೇಲ್-ಅಪ್ ಆಯ್ಕೆ ಕೊಟ್ಟರೆ, ಸೊನ್ನೆ ರೆಪ್ಲಿಕಾದಲ್ಲಿರುವ ಸರ್ವರ್‌ಗೆ ಯಾರಾದರೂ ಬಂದಾಗ ಅದನ್ನು ಒಂದಕ್ಕೆ ಏರಿಸುತ್ತದೆ. ಆಟೋ-ಸ್ಕೇಲ್-ಡೌನ್ ಕೊಟ್ಟರೆ ಖಾಲಿಯಾದ ಸ್ವಲ್ಪ ಹೊತ್ತಿಗೆ ಮತ್ತೆ ಸೊನ್ನೆ ಮಾಡುತ್ತದೆ. ಎಷ್ಟು ಹೊತ್ತು ಅನ್ನುವುದನ್ನೂ ಹೇಳಬಹುದು.

ಇದಕ್ಕೆ ಎರಡು ಷರತ್ತು. ಸ್ಟೇಟ್‌ಫುಲ್‌ಸೆಟ್‌ನ ಸರ್ವೀಸ್‌ನೇಮ್ ಫೀಲ್ಡ್, ಆನೋಟೇಶನ್ ಇರುವ ಸರ್ವೀಸ್‌ನ ಹೆಸರು ಎರಡೂ ಒಂದೇ ಇರಬೇಕು. ಯಾವ ಸರ್ವೀಸ್ ಹಿಂದೆ ಯಾವ ಸರ್ವರ್ ಇದೆ ಅಂತ ರೌಟರ್ ಗುರುತಿಸುವುದು ಇದರಿಂದ. ಮತ್ತೆ ಕ್ಲಸ್ಟರ್‌ರೋಲ್‌ಗೆ ಹೊಸ ಸಾಲು: ಆ್ಯಪ್ಸ್ ಎಂಬ ಎಪಿಐ ಗುಂಪಿನ ಸ್ಟೇಟ್‌ಫುಲ್‌ಸೆಟ್ಸ್ ಮತ್ತು ಸ್ಟೇಟ್‌ಫುಲ್‌ಸೆಟ್ಸ್ ಸ್ಲ್ಯಾಷ್ ಸ್ಕೇಲ್ ಮೇಲೆ ವಾಚ್, ಲಿಸ್ಟ್, ಗೆಟ್, ಅಪ್‌ಡೇಟ್, ಪ್ಯಾಚ್. ಈಗ ರೌಟರ್ ಓದುವುದಷ್ಟೇ ಅಲ್ಲ, ಬದಲಿಸಲೂ ಬಲ್ಲದು. ಆದ್ದರಿಂದ ಇದನ್ನು ಬೇಕಾದವರು ಮಾತ್ರ ಕೊಡಿ.

ಮೊದಲು ಬಂದವರಿಗೆ ಒಮ್ಮೆ ಕನೆಕ್ಷನ್ ಎರರ್ ಬರುವುದು ಸಹಜ. ಸರ್ವರ್ ಏಳಲು ಬೇಕಾದಷ್ಟು ಹೊತ್ತು ಕ್ಲೈಂಟ್ ಕಾಯುವುದಿಲ್ಲ. ಒಂದು ನಿಮಿಷ ಬಿಟ್ಟು ಮತ್ತೆ ಒತ್ತಲು ಗೆಳೆಯರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ "ಸರ್ವರ್ ಡೌನ್ ಆಗಿದೆ" ಅಂತ ಫೋನ್ ಬರುತ್ತದೆ.

ಆಟಗಾರರ ಅಸಲಿ ಐಪಿ

ಮಧ್ಯೆ ರೌಟರ್ ಕೂತ ಮೇಲೆ ಸರ್ವರ್‌ಗೆ ಎಲ್ಲರೂ ರೌಟರ್‌ನ ಐಪಿಯಿಂದಲೇ ಬಂದಂತೆ ಕಾಣುತ್ತದೆ. ಕಾಟ ಕೊಡುವ ಒಬ್ಬನನ್ನು ಐಪಿ ಬ್ಯಾನ್ ಮಾಡಿದರೆ ಊರಿಗೆಲ್ಲ ಬ್ಯಾನ್ ಆಗುತ್ತದೆ! ಗೆಳೆಯರಷ್ಟೇ ಆಡುವ, ವೈಟ್‌ಲಿಸ್ಟ್ ಇರುವ ಸರ್ವರ್ ಆದರೆ ಇದನ್ನು ಬಿಟ್ಟು ಮುಂದೆ ಹೋಗಿ. ಸಾರ್ವಜನಿಕರಿಗೆ ತೆರೆದಿದ್ದರೆ ಮೂರು ಕಡೆ ಬದಲಿಸಬೇಕು. ರೌಟರ್ ಮುಂದಿನ ಲೋಡ್‌ಬ್ಯಾಲೆನ್ಸರ್ ಸರ್ವೀಸ್‌ನ ಎಕ್ಸ್‌ಟರ್ನಲ್ ಟ್ರಾಫಿಕ್ ಪಾಲಿಸಿ ಲೋಕಲ್ ಆಗಬೇಕು. ರೌಟರ್‌ಗೆ ಯೂಸ್-ಪ್ರಾಕ್ಸಿ-ಪ್ರೋಟೋಕಾಲ್ ಆಯ್ಕೆ ಕೊಡಬೇಕು, ಆಗ ಅದು ಆಟಗಾರನ ಅಸಲಿ ಐಪಿಯನ್ನು ಒಂದು ಹೆಡರ್‌ನಲ್ಲಿ ಬರೆದು ಕನೆಕ್ಷನ್‌ನ ಮೊದಲಿಗೆ ಕಳಿಸುತ್ತದೆ. ಪೇಪರ್‌ನ ಗ್ಲೋಬಲ್ ಕಾನ್ಫಿಗ್ ಫೈಲಿನಲ್ಲಿ ಪ್ರಾಕ್ಸೀಸ್ ಕೆಳಗಿನ ಪ್ರಾಕ್ಸಿ-ಪ್ರೋಟೋಕಾಲ್ ಟ್ರೂ ಆಗಬೇಕು.

ಮೂರನೆಯದನ್ನು ಮಾಡಿದ ಕೂಡಲೇ ಒಂದು ಬಲೆ ಕಾದಿರುತ್ತದೆ. ಆ ಹೆಡರ್ ಇಲ್ಲದೆ ಬಂದ ಕನೆಕ್ಷನ್ ಅನ್ನು ಸರ್ವರ್ ಒಪ್ಪುವುದಿಲ್ಲ. ನಮ್ಮ ಎಂಸಿ-ಹೆಲ್ತ್ ಬರುವುದು ಹೆಡರ್ ಇಲ್ಲದೆ. ಪ್ರೋಬ್ ಸೋಲುತ್ತದೆ, ಚೆನ್ನಾಗಿರುವ ಸರ್ವರ್ ಸಿದ್ಧವಿಲ್ಲ ಅನ್ನಿಸಿಕೊಂಡು ಹೊರಗುಳಿಯುತ್ತದೆ. ಹೆಲ್ತ್ ಚೆಕ್‌ಗೂ ಯೂಸ್-ಪ್ರಾಕ್ಸಿ ಎಂಬ ಹೆಚ್ಚುವರಿ ಆಯ್ಕೆ ಕೊಟ್ಟರೆ ಸರಿಹೋಗುತ್ತದೆ.

ಒಂದು ಸರ್ವರ್‌ನಿಂದ ಇನ್ನೊಂದಕ್ಕೆ

ಲಾಬಿಯಲ್ಲಿ ನಿಂತು ಬೇರೆ ಸರ್ವರ್‌ಗೆ ಹಾರುವುದು ಎಂಸಿ-ರೌಟರ್‌ನ ಕೆಲಸವಲ್ಲ. ಅದು ಬಾಗಿಲಲ್ಲಿ ಒಮ್ಮೆ ದಾರಿ ತೋರಿಸುತ್ತದೆ, ಅಷ್ಟೆ. ಆಡುತ್ತಾ ಆಡುತ್ತಾ ಸರ್ವರ್ ಬದಲಿಸಲು ವೆಲಾಸಿಟಿ ಎಂಬ ಪ್ರಾಕ್ಸಿ ಬೇಕು. ವೆಲಾಸಿಟಿ ತನ್ನ ಸರ್ವರ್‌ಗಳನ್ನು ಟಾಮಲ್ ಫೈಲಿನಿಂದ ಓದುತ್ತದೆ, ಆದರೆ ಅದರ ಪ್ಲಗಿನ್ ಎಪಿಐನಲ್ಲಿ ರಿಜಿಸ್ಟರ್‌ಸರ್ವರ್, ಅನ್‌ರಿಜಿಸ್ಟರ್‌ಸರ್ವರ್ ಇವೆ. ಪಾಡ್‌ಗಳನ್ನು ವಾಚ್ ಮಾಡಿ ಅವುಗಳನ್ನು ಕರೆಯುವ ಪ್ಲಗಿನ್ ಬರೆಯಬಹುದು. ಬರೆಯುವುದಾದರೆ ಹಂತ 5 ರ ಲಿಸ್ಟ್, ವಾಚ್ ಕ್ರಮವನ್ನೇ ಅನುಸರಿಸಿ, ಮತ್ತೆ ರೆಡಿ ಆದ ಮೇಲೆಯೇ ಸೇರಿಸಿ.

ಸುಲಭದ ದಾರಿ ಇನ್ನೊಂದಿದೆ. 2024ರ ಏಪ್ರಿಲ್‌ನಲ್ಲಿ ಬಂದ 1.20.5 ರಲ್ಲಿ ಟ್ರಾನ್ಸ್‌ಫರ್ ಕಮಾಂಡ್ ಸೇರಿತು. ಸರ್ವರ್ ಆಟಗಾರನಿಗೆ "ಆ ಹೆಸರಿಗೆ ಹೋಗು" ಅನ್ನುತ್ತದೆ, ಕ್ಲೈಂಟ್ ಹೊಸದಾಗಿ ಕನೆಕ್ಟ್ ಆಗುತ್ತದೆ. ಹೋಗಬೇಕಾದ ಸರ್ವರ್‌ನ ಸರ್ವರ್ ಡಾಟ್ ಪ್ರಾಪರ್ಟೀಸ್‌ನಲ್ಲಿ ಅಕ್ಸೆಪ್ಟ್ಸ್-ಟ್ರಾನ್ಸ್‌ಫರ್ಸ್ ಟ್ರೂ ಇರಬೇಕು. ಹೀಗೆ ಬಂದ ಹ್ಯಾಂಡ್‌ಶೇಕ್‌ನಲ್ಲಿ ಆ ಕೊನೆಯ ಸಂಖ್ಯೆ 3, ಆದ್ದರಿಂದ ರೌಟರ್‌ನ ಹೊಸ ವರ್ಷನ್ ಇಟ್ಟುಕೊಂಡಿರಿ. ಎರಡು ಮೂರು ಸರ್ವರ್‌ನ ಸಣ್ಣ ಕೂಟಕ್ಕೆ ನಾನು ಇದನ್ನೇ ಮೊದಲು ಹೇಳುತ್ತೇನೆ.

ಹೆಸರೇ ಹೇಳದ ಆಟಗಳು

ಇಲ್ಲಿಯವರೆಗಿನ ಎಲ್ಲವೂ ನಿಂತಿರುವುದು ಹ್ಯಾಂಡ್‌ಶೇಕ್‌ನಲ್ಲಿ ಹೆಸರು ಇದೆ ಎಂಬುದರ ಮೇಲೆ. ಮೈನ್‌ಕ್ರಾಫ್ಟ್ ಬೆಡ್‌ರಾಕ್ 19132 ಯುಡಿಪಿಯಲ್ಲಿ ನಡೆಯುತ್ತದೆ, ಹೀಗೆ ಮೊದಲ ಪ್ಯಾಕೆಟ್‌ನಲ್ಲೇ ಹೆಸರು ಓದಿ ದಾರಿ ತೋರಿಸಲು ಅಲ್ಲಿ ಆಗುವುದಿಲ್ಲ. ಶೂಟಿಂಗ್ ಆಟಗಳಲ್ಲೂ ಹೆಚ್ಚಿನವು ಯುಡಿಪಿಯವೇ. ಅಲ್ಲಿ ಪ್ರತಿ ಸರ್ವರ್‌ಗೂ ಬೇರೆ ಪೋರ್ಟ್ ಬೇಕೇ ಬೇಕು.

ಅಂಥವಕ್ಕೆ ಅಗೋನೀಸ್ ನೋಡಿ. ಗೂಗಲ್ ಮತ್ತು ಯೂಬಿಸಾಫ್ಟ್ ಸೇರಿ 2018ರಲ್ಲಿ ಹೊರತಂದ ಓಪನ್ ಸೋರ್ಸ್ ಯೋಜನೆ ಅದು. ಕ್ಯೂಬರ್ನೆಟೀಸ್‌ಗೆ ಗೇಮ್‌ಸರ್ವರ್, ಫ್ಲೀಟ್ ಎಂಬ ಹೊಸ ವಸ್ತುಗಳನ್ನು ಕಲಿಸುತ್ತದೆ. ಪೋರ್ಟ್ ಪಾಲಿಸಿ ಡೈನಾಮಿಕ್ ಎಂದಿದ್ದರೆ 7000 ದಿಂದ 8000 ದೊಳಗಿನ ಒಂದು ಪೋರ್ಟನ್ನು ತಾನೇ ಹುಡುಕಿ ಕೊಡುತ್ತದೆ. ಅಲ್ಲಿ ಸಿದ್ಧವಾಗಿದ್ದೇನೆ ಅನ್ನುವುದನ್ನು ಹೊರಗಿನ ಪ್ರೋಬ್ ಊಹಿಸುವುದಿಲ್ಲ. ಆಟದ ಸರ್ವರ್ ಎಸ್‌ಡಿಕೆ ಮೂಲಕ ರೆಡಿ ಎಂದು ತಾನೇ ಹೇಳುತ್ತದೆ. ಮ್ಯಾಚ್‌ಮೇಕರ್ (ಆಟಗಾರರನ್ನು ಜೋಡಿಸುವ ಪ್ರೋಗ್ರಾಂ) ಬಂದು "ಒಂದು ಸರ್ವರ್ ಕೊಡಿ" ಎಂದು ಗೇಮ್‌ಸರ್ವರ್‌ಅಲೊಕೇಶನ್ ಮಾಡಿದರೆ, ಸಿದ್ಧವಿರುವ ಒಂದನ್ನು ಆರಿಸಿ ಐಪಿ, ಪೋರ್ಟ್ ಎರಡನ್ನೂ ಕೊಡುತ್ತದೆ. ಅಲೊಕೇಟೆಡ್ ಆದ ಸರ್ವರ್ ಅನ್ನು ಫ್ಲೀಟ್ ಕುಗ್ಗಿಸುವಾಗ ಮುಟ್ಟುವುದಿಲ್ಲ, ಅಂದರೆ ನಡುವೆ ಆಟ ಕಡಿಯುವುದಿಲ್ಲ. ಹದಿನೈದು ನಿಮಿಷದ ಮ್ಯಾಚ್‌ಗಳಿಗೆ ಇದು ಹೇಳಿ ಮಾಡಿಸಿದ್ದು. ವರ್ಷಗಟ್ಟಲೆ ಒಂದೇ ವರ್ಲ್ಡ್ ಕಾಪಾಡುವ ಸರ್ವೈವಲ್ ಸರ್ವರ್‌ಗೆ ಅತಿಯಾಯಿತು.

ಕ್ಯೂಬರ್ನೆಟೀಸೇ ಬೇಡ, ಡಾಕರ್ ಸಾಕು ಅನ್ನುವವರಿಗೂ ಎಂಸಿ-ರೌಟರ್‌ನಲ್ಲಿ ದಾರಿ ಇದೆ. ಇನ್-ಡಾಕರ್ ಆಯ್ಕೆ ಕೊಟ್ಟು, ಪ್ರತಿ ಕಂಟೇನರ್‌ಗೆ ಎಂಸಿ-ರೌಟರ್ ಡಾಟ್ ಹೋಸ್ಟ್ ಎಂಬ ಲೇಬಲ್‌ನಲ್ಲಿ ಹೆಸರು ಬರೆಯಿರಿ. ಇದಕ್ಕೆ ಡಾಕರ್ ಸಾಕೆಟ್ ಅನ್ನು ರೌಟರ್ ಕಂಟೇನರ್ ಒಳಗೆ ಜೋಡಿಸಬೇಕಾಗುತ್ತದೆ. ಆ ಸಾಕೆಟ್ ಕೈಗೆ ಸಿಕ್ಕಿತೆಂದರೆ ಯಂತ್ರದ ಪೂರ್ತಿ ಅಡ್ಮಿನ್ ಹಕ್ಕೇ ಸಿಕ್ಕಂತೆ, ರೀಡ್-ಓನ್ಲಿ ಅಂತ ಮೌಂಟ್ ಮಾಡಿದರೂ ಇದು ತಪ್ಪುವುದಿಲ್ಲ. ಬೇರೆ ಮುಖ್ಯ ಕೆಲಸಗಳು ನಡೆಯುವ ಯಂತ್ರದಲ್ಲಿ ಈ ದಾರಿ ಹಿಡಿಯಬೇಡಿ. ಸಾಕೆಟ್ ಮುಂದೆ, ಬೇಕಾದ ಕರೆಗಳನ್ನು ಮಾತ್ರ ಬಿಡುವ ಒಂದು ಪ್ರಾಕ್ಸಿ ಕಂಟೇನರ್ ಇಟ್ಟರೆ ಸ್ವಲ್ಪ ವಾಸಿ.